ಮುಖಕ್ಕೆ ಹಚ್ಚುವ ಮಣ್ಣು: ಹೊಸಬರಿಗೊಂದು ಪಾಠ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದವರಿಗೆ ಮೊದಲು ಕೇಳಿಸುವುದು ಉಳಿಯ ಸದ್ದು. ಗಣಪತಿ, ನಂದಿ, ಆಂಜನೇಯ ಎಲ್ಲರೂ ಅರ್ಧಂಬರ್ಧ ಕೆತ್ತಿಸಿಕೊಂಡು ಮನೆಗಳ ಮುಂದೆ ಕೂತಿರುತ್ತಾರೆ. ಕೆತ್ತುವವರ ಹುಬ್ಬು, ರೆಪ್ಪೆ, ಮುಂಗೈಗಳ ಮೇಲೆಲ್ಲ ಕಲ್ಲಿನ ಹಿಟ್ಟು. ಮುಖಕ್ಕೆ ಮಣ್ಣು ಹಚ್ಚಿಕೊಳ್ಳುವ ಪಾಠವನ್ನು ಈ ಊರಿನಿಂದ ಶುರು ಮಾಡುವುದಕ್ಕೆ ಕಾರಣವಿದೆ. ನುಣ್ಣಗಿರುವುದೆಲ್ಲ ಜೇಡಿಯಲ್ಲ ಎಂಬ ಮೊದಲ ಮಾತನ್ನು ಇಲ್ಲಿ ಕೈಯಲ್ಲಿ ಮುಟ್ಟಿಸಿಯೇ ಹೇಳಬಹುದು.

ಉಳಿಯ ಕೆಳಗೆ ಉದುರಿದ ಹಿಟ್ಟನ್ನು ನೀರಿನಲ್ಲಿ ಕಲಸಿ ಉಂಡೆ ಕಟ್ಟಲು ನೋಡಿ. ಒದ್ದೆಯಿರುವಷ್ಟು ಹೊತ್ತು ಹೇಗೋ ನಿಲ್ಲುತ್ತದೆ, ಒಣಗಿದರೆ ಮತ್ತೆ ಪುಡಿ. ಎಷ್ಟು ಸಣ್ಣಗೆ ಅರೆದರೂ ಅದು ಕಲ್ಲಿನ ಚೂರೇ. ಪಕ್ಕದಲ್ಲೇ ಒಂದು ಹಿಡಿ ಕೆರೆಯ ಜೇಡಿಮಣ್ಣನ್ನು ಕಲಸಿ. ಬೆರಳಿಗೆ ಅಂಟುತ್ತದೆ, ಹೇಳಿದ ಆಕಾರಕ್ಕೆ ಬರುತ್ತದೆ, ಒಣಗಿದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಈ ಅಂಟು, ಈ ಬಿರುಕು ಎರಡಕ್ಕೂ ಮೂಲ ಒಂದೇ, ಜೇಡಿಯ ಕಣದ ಹುಟ್ಟು.

ಕೋಲಾರ ಸೀಮೆಯ ಬಂಡೆಗಳಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಹೇರಳ. ಅಂತರಗಂಗೆಯಾಗಲಿ, ಟೇಕಲ್ ಆಗಲಿ, ಮುಳಬಾಗಿಲಿನ ಬೆಟ್ಟವಾಗಲಿ, ಎಲ್ಲ ಕಡೆಯೂ ಅದೇ. ಮಳೆನೀರು ಲಕ್ಷಾಂತರ ವರ್ಷ ಬಿದ್ದು ಅದರೊಳಗಿನ ಪೊಟ್ಯಾಷಿಯಂ, ಸೋಡಿಯಂಗಳನ್ನು ಕರಗಿಸಿ ಒಯ್ಯುತ್ತದೆ. ಉಳಿದ ಅಲ್ಯುಮಿನಿಯಂ ಮತ್ತು ಸಿಲಿಕಾ ನೀರಿನೊಂದಿಗೆ ಸೇರಿ ಹೊಸ ಖನಿಜವಾಗುತ್ತವೆ. ಪದರದ ಮೇಲೆ ಪದರ ಕೂತ ಆ ಹೊಸ ಖನಿಜವೇ ಜೇಡಿ. ಬಂಡೆಯಲ್ಲಿದ್ದ ಸ್ಫಟಿಕ ಮಾತ್ರ ಬದಲಾಗದೆ ಮರಳಾಗಿ ಉಳಿಯುತ್ತದೆ. ಕಬ್ಬಿಣದ ಅಂಶ ಬೆರೆತರೆ ಕೆಮ್ಮಣ್ಣು. ಹೀಗೆ ಹುಟ್ಟಿದ ಸಣ್ಣ ಕಣ ಮಳೆಗೆ ಹರಿದು ಬಂದು ಕೆರೆಯಂಗಳದಲ್ಲಿ ನಿಲ್ಲುತ್ತದೆ. ಮಾಲೂರಿನ ಹೆಂಚು, ಇಟ್ಟಿಗೆಗೆ ಹೆಸರು ಬಂದದ್ದು ಈ ಮಣ್ಣಿನಿಂದಲೇ.

ಶಾಲೆಯಲ್ಲಿ ಮಕ್ಕಳಿಗೆ ಮಾಡಿ ತೋರಿಸುವ ಒಂದು ಪ್ರಯೋಗವನ್ನು ಮನೆಯಲ್ಲೂ ಮಾಡಬಹುದು. ಉದ್ದನೆಯ ಗಾಜಿನ ಬಾಟಲಿಗೆ ನಾಲ್ಕು ಚಮಚ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಅದಕ್ಕಿಂತ ಸಣ್ಣದಾದ ಗೋಡು ನಿಧಾನವಾಗಿ ಅದರ ಮೇಲೆ ಕೂರುತ್ತದೆ. ಜೇಡಿಯ ಕಣ 2 ಮೈಕ್ರಾನ್‌ಗಿಂತ ಚಿಕ್ಕದು, ಅಂದರೆ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಕಡಿಮೆ. 10 ಸೆಂಟಿಮೀಟರ್ ಇಳಿಯಲು ಅದಕ್ಕೆ ಹೆಚ್ಚುಕಡಿಮೆ 8 ಗಂಟೆ ಬೇಕು. ರಾತ್ರಿ ಕುಲುಕಿಟ್ಟ ಬಾಟಲಿಯ ನೀರು ಬೆಳಿಗ್ಗೆಯೂ ಕದಡಿಕೊಂಡೇ ಇದ್ದರೆ ಅದರಲ್ಲಿ ಜೇಡಿ ಇದೆ ಎಂದು ತಿಳಿಯಿರಿ. ತಳದಲ್ಲಿ ಕೂತ ಮರಳು ಎಷ್ಟಿದೆ ಎಂದೂ ನೋಡಿಕೊಳ್ಳಿ. ಕೆನ್ನೆಯನ್ನು ಗೀಚುವುದು ಅದೇ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಮುಖದ ಮೇಲೆ ಜೇಡಿ ಮಾಡುವ ಕೆಲಸ ಒಂದೇ, ಹೀರುವುದು. ಚರ್ಮದ ಮೇಲಿನ ಜಿಡ್ಡು, ಬೆವರು, ಧೂಳು ಜೇಡಿಯ ಕಣಗಳಿಗೆ ಅಂಟಿಕೊಳ್ಳುತ್ತವೆ, ತೊಳೆದಾಗ ಅದರ ಜೊತೆಗೇ ಹೋಗುತ್ತವೆ. ಎಷ್ಟು ಹೀರುತ್ತದೆ ಎನ್ನುವುದು ಯಾವ ಜಾತಿಯ ಜೇಡಿ ಎಂಬುದರ ಮೇಲೆ ನಿಂತಿದೆ. ಕೇಯೋಲಿನ್, ಅಂದರೆ ಚೀನಾ ಜೇಡಿಯ ಪದರಗಳು ಒಂದಕ್ಕೊಂದು ಬಿಗಿಯಾಗಿ ಕೂತಿರುತ್ತವೆ, ನಡುವೆ ನೀರು ನುಗ್ಗುವುದಿಲ್ಲ. ಅದರ ಒಂದು ಗ್ರಾಂ ಪುಡಿಯ ಹೊರಮೈ ಸುಮಾರು 10ರಿಂದ 20 ಚದರ ಮೀಟರ್. ಮಾಂಟ್‌ಮೊರಿಲೊನೈಟ್ ಎಂಬ ಇನ್ನೊಂದು ಜಾತಿಯ ಪದರಗಳು ನೀರು ತಾಗಿದರೆ ಬಿಚ್ಚಿಕೊಂಡು ಉಬ್ಬುತ್ತವೆ. ಒಳಗಿನ ಪದರಗಳನ್ನೆಲ್ಲ ಲೆಕ್ಕ ಹಿಡಿದರೆ ಒಂದೇ ಗ್ರಾಂಗೆ 700, 800 ಚದರ ಮೀಟರ್ ಆಗುತ್ತದೆ. ನಮ್ಮ ಅಳತೆಯಲ್ಲಿ ಏಳೆಂಟು ಗುಂಟೆ ಜಮೀನು! ಅಂಗಡಿಯ ಮುಲ್ತಾನಿ ಮಿಟ್ಟಿಯಲ್ಲಿ ಇರುವುದು ಹೆಚ್ಚಾಗಿ ಇಂಥ ಹೀರುವ ಜೇಡಿಗಳೇ. ಹೆಸರು ಮುಲ್ತಾನದ್ದಾದರೂ ನಮ್ಮ ದೇಶದಲ್ಲಿ ಇದನ್ನು ಅಗೆಯುವುದು ಮುಖ್ಯವಾಗಿ ರಾಜಸ್ಥಾನದಲ್ಲಿ. ಯೂರೋಪಿನಲ್ಲಿ ಉಣ್ಣೆಬಟ್ಟೆಯ ಜಿಡ್ಡು ತೆಗೆಯಲು ನೂರಾರು ವರ್ಷ ಬಳಸಿದ್ದೂ ಇದೇ ಜಾತಿಯ ಮಣ್ಣು.

ಆದ್ದರಿಂದ ಆಯ್ಕೆ ಸುಲಭ. ಎಣ್ಣೆ ಸುರಿಯುವ ಮುಖಕ್ಕೆ ಮುಲ್ತಾನಿ ಮಿಟ್ಟಿ, ವಾರಕ್ಕೆ ಒಂದು ಸಲ ಸಾಕು. ಸಾಧಾರಣ ಚರ್ಮಕ್ಕೂ ಬೇಗ ಕೆಂಪಾಗುವ ಚರ್ಮಕ್ಕೂ ಕೇಯೋಲಿನ್, ಹತ್ತು ಹದಿನೈದು ದಿನಕ್ಕೊಮ್ಮೆ. ಹಣೆ, ಮೂಗು ಮಾತ್ರ ಜಿಡ್ಡಾಗಿ ಕೆನ್ನೆ ಒಣಗಿರುವವರು ಹಣೆ ಮೂಗಿಗಷ್ಟೇ ಹಚ್ಚಿದರಾಯಿತು, ಇಡೀ ಮುಖಕ್ಕೆ ಮೆತ್ತಲೇಬೇಕೆಂಬ ಕಟ್ಟಳೆಯೇನಿಲ್ಲ. ಚಳಿಗಾಲದಲ್ಲಿ ಬಿಳಿಬಿಳಿ ಬಿರಿಯುವ ಚರ್ಮಕ್ಕೆ ಯಾವ ಮಣ್ಣೂ ಬೇಡ. ದಿನವಿಡೀ ಕಲ್ಲಿನ ಹಿಟ್ಟಿನಲ್ಲಿ ಕೆಲಸ ಮಾಡುವ ಶಿಲ್ಪಿಗಳ ಕೈಗಂತೂ ಮಣ್ಣಿನ ಲೇಪ ಸಲ್ಲದು. ಆ ಹಿಟ್ಟೇ ಕೈಯ ಜಿಡ್ಡನ್ನೆಲ್ಲ ಎಳೆದುಬಿಟ್ಟಿರುತ್ತದೆ, ಅಂಥ ಕೈ ಕೇಳುವುದು ಕೊಬ್ಬರಿ ಎಣ್ಣೆಯನ್ನು.

ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಶಿಫ್ಟ್ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳು ನನ್ನ ಹಳೆಯ ವಿದ್ಯಾರ್ಥಿನಿಯರು. ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ ಬದಲಾಗಿದ್ದೇ ಇಲ್ಲ. “ಬೆಳ್ಳಗಾಗ್ತೀವಾ ಮೇಡಂ?” ಇಲ್ಲ ಕಣಮ್ಮ. ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಹೊರಚರ್ಮದ ತಳದ ಪದರದಲ್ಲಿ. ಜೇಡಿಯ ಕೈ ತಲುಪುವುದು ಮೇಲಿನ ಸತ್ತ ಜೀವಕೋಶಗಳ ಪದರದವರೆಗೆ ಮಾತ್ರ. ತೊಳೆದ ಕೂಡಲೇ ಮುಖ ತಿಳಿಯಾಗಿ ಕಾಣುವುದು ನಿಜ, ಜಿಡ್ಡಿನ ಹೊಳಪು ಹೋಗಿರುತ್ತದೆ, ಧೂಳೂ ಹೋಗಿರುತ್ತದೆ. ಸಂಜೆಯ ಹೊತ್ತಿಗೆ ಎಲ್ಲ ಮೊದಲಿನಂತೆ. ಇದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ, ನಮ್ಮ ಬಿಸಿಲಿಗೆ ನಮ್ಮ ಚರ್ಮ ಸರಿಯಾಗಿಯೇ ಇದೆ. ‘ಒಳಗಿನ ವಿಷವನ್ನು ಹೊರಗೆಳೆಯುತ್ತದೆ’ ಎಂಬ ಮಾತೂ ಅಷ್ಟೇ. ರಕ್ತದಲ್ಲಿನ ಕಲ್ಮಶ ತೆಗೆಯಲು ಯಕೃತ್ತು, ಮೂತ್ರಪಿಂಡಗಳಿವೆ. ಕೆನ್ನೆಯ ಮೇಲಿನ ಮಣ್ಣಿಗೆ ಆ ಕೆಲಸ ಗೊತ್ತಿಲ್ಲ.

ಮಣ್ಣು ಎಲ್ಲಿಂದ ತರುವುದು ಎಂಬ ಪ್ರಶ್ನೆ ಉಳಿಯಿತು. ಹಿಂದಿನವರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಕೆರೆಯ ಜೇಡಿ, ಹುತ್ತದ ಮಣ್ಣು ತಂದು ತಲೆ ತೊಳೆದರು, ಮೈಗೆ ಬಳಿದುಕೊಂಡರು. ಮೇಲುಕೋಟೆಯ ಬಿಳಿ ಮಣ್ಣು ಶ್ರೀವೈಷ್ಣವರ ನಾಮವಾಯಿತು, ದ್ವಾರಕೆಯ ಹಳದಿ ಮಣ್ಣು ಮಾಧ್ವರ ಗೋಪಿಚಂದನವಾಯಿತು. ಚರ್ಮಕ್ಕೆ ಮಣ್ಣು ತಾಗಿಸಿಕೊಳ್ಳುವುದು ನಮಗೆ ಹೊಸದೇನಲ್ಲ. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ವಿಶ್ರಾಂತಿಗೆ ಬಂದದ್ದು ಆಗ ಕೋಲಾರ ಜಿಲ್ಲೆಗೆ ಸೇರಿದ್ದ ನಂದಿಬೆಟ್ಟಕ್ಕೆ. ಮಣ್ಣಿನ ಪಟ್ಟಿಯ ಮೇಲೆ ಅವರಿಗೆ ಬಹಳ ನಂಬಿಕೆ. ದಕ್ಷಿಣ ಆಫ್ರಿಕದಲ್ಲಿದ್ದಾಗ ಜರ್ಮನಿಯ ಅಡಾಲ್ಫ್ ಜಸ್ಟ್ ಬರೆದ ಪುಸ್ತಕ ಓದಿ ಅದನ್ನು ಹಿಡಿದವರು ಕೊನೆಯವರೆಗೂ ಬಿಡಲಿಲ್ಲ. 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯದ ಬಗ್ಗೆ ಬರೆಯುವಾಗ ಅವರು ಪಟ್ಟಿ ಹಾಕುವ ಕ್ರಮವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಗೊಬ್ಬರ ಹಾಕಿದ ನೆಲದ ಮಣ್ಣು ಬಳಸಬಾರದು, ಒಣಗಿಸಿ ಕುಟ್ಟಿ ಜರಡಿ ಹಿಡಿಯಬೇಕು, ಶುದ್ಧವೋ ಅಲ್ಲವೋ ಎಂಬ ಅನುಮಾನ ಬಂದರೆ ಚೆನ್ನಾಗಿ ಕಾಯಿಸಬೇಕು ಎಂದರು. ಅವರ ಚಿಕಿತ್ಸೆಯನ್ನು ಒಪ್ಪುವುದು ಬಿಡುವುದು ನಿಮ್ಮಿಷ್ಟ, ಆದರೆ ಈ ಎಚ್ಚರಿಕೆಯನ್ನು ಎಲ್ಲರೂ ಒಪ್ಪಬೇಕು.

ಯಾಕೆಂದರೆ ಇವತ್ತಿನ ಕೋಲಾರ ಜಿಲ್ಲೆಯ ಮಣ್ಣು ಅಜ್ಜಿಯ ಕಾಲದ್ದಲ್ಲ. 2018ರಿಂದ ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆ.ಸಿ. ವ್ಯಾಲಿ ಯೋಜನೆ ಎಂದರೆ ಇಲ್ಲಿನ ಮಕ್ಕಳಿಗೂ ಗೊತ್ತು. ಯೋಜನೆಯ ಮೊದಲ ಹಂತಕ್ಕೆ ಗೊತ್ತು ಮಾಡಿದ್ದು 126 ಕೆರೆಗಳನ್ನು. ಅಂತರ್ಜಲ ಮೇಲೆ ಬರಲಿ ಎಂದು ತಂದ ನೀರು ಅದು. ಕೊಳಚೆ ನೀರಿಗೆ ಎರಡನೇ ಹಂತದ ಸಂಸ್ಕರಣೆ ಸಾಕೋ, ಮೂರನೆಯದೂ ಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಆ ವಾದ ಏನೇ ಇರಲಿ, ಮುಖಕ್ಕೆ ಹಚ್ಚುವವರು ಒಂದನ್ನು ಯೋಚಿಸಬೇಕು. ಯಾವ ಗುಣಕ್ಕಾಗಿ ನಾವು ಜೇಡಿಯನ್ನು ಹುಡುಕುತ್ತೇವೋ ಅದೇ ಗುಣದಿಂದ ಅದು ಕೆರೆಗೆ ಬಂದ ಲೋಹ, ರಾಸಾಯನಿಕಗಳನ್ನೂ ಹೀರಿಕೊಂಡು ಕೂತಿರುತ್ತದೆ. ಒಳ್ಳೆಯ ಜೇಡಿಯಾದಷ್ಟೂ ಹೆಚ್ಚು ಹೀರಿರುತ್ತದೆ.

ಶ್ರೀನಿವಾಸಪುರದ ಮಾವಿನ ತೋಪು, ಮಾಲೂರಿನ ಹೂವು ತರಕಾರಿ ತೋಟಗಳ ಮಣ್ಣೂ ಬೇಡ, ವರ್ಷವರ್ಷ ಬಿದ್ದ ಔಷಧಿ ಅಲ್ಲಿದೆ. ಕೆ.ಜಿ.ಎಫ್. ಕಡೆಯವರಿಗೆ ಇನ್ನೊಂದು ಮಾತು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು, ಸೈನೈಡ್ ಗುಡ್ಡಗಳು ಹಾಗೇ ಉಳಿದವು. ಚಿನ್ನ ತೆಗೆದುಕೊಂಡು ಬಿಸಾಡಿದ ಅದಿರಿನ ಪುಡಿ ಅದು. ಮುಟ್ಟಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು, ಅದೇ ಅದರ ಅಪಾಯ. ಶಿವಾರಪಟ್ಟಣದ ಕಲ್ಲಿನ ಹಿಟ್ಟಿಗೆ ಹೇಳಿದ ಮಾತೇ ಇದಕ್ಕೂ, ಇದು ಜೇಡಿಯಲ್ಲ. ಜೊತೆಗೆ ವಿಷ ಬೇರೆ. ಹುತ್ತದ ಮಣ್ಣು ಶುದ್ಧವಲ್ಲವೇ ಎನ್ನುವವರು ನಾಗರಪಂಚಮಿಯ ಮಾರನೆಯ ದಿನ ಯಾವುದಾದರೂ ಹುತ್ತದ ಹತ್ತಿರ ಹೋಗಿ ನೋಡಿ. ಹಾಲು, ಬಣ್ಣದ ಕುಂಕುಮ, ಊದುಬತ್ತಿಯ ಬೂದಿ, ಕರ್ಪೂರದ ಪ್ಲಾಸ್ಟಿಕ್ ಕವರ್ ಎಲ್ಲ ಅಲ್ಲೇ. ಒಳಗಿರಬಹುದಾದ ಹಾವಿನ ಮಾತು ಬೇರೆ.

ಮಣ್ಣಿನಲ್ಲಿ ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಾಣುಗಳೂ ಇರುತ್ತವೆ. ಬಿಸಿಲಿಗೆ ಒಣಗಿಸಿದರೆ ಅವು ಸಾಯುವುದಿಲ್ಲ, ಮನೆಯಲ್ಲಿ ನೀರು ಕುದಿಸುವಷ್ಟು ಶಾಖಕ್ಕೂ ಬಗ್ಗುವುದಿಲ್ಲ. ಗಾಯವಿಲ್ಲದ ಚರ್ಮದ ಮೂಲಕ ಒಳಗೆ ಹೋಗಲಾರವು, ಒಡೆದ ಮೊಡವೆ, ಗೀರಿದ ಗಾಯ ಸಿಕ್ಕರೆ ಮಾತು ಬೇರೆ. ಹೆರಿಗೆಯಾದ ಮನೆಯಲ್ಲಿ ಮಗುವಿನ ಹೊಕ್ಕುಳಿಗೆ ಮಣ್ಣೋ ಬೂದಿಯೋ ಹಚ್ಚಿ ಮಕ್ಕಳನ್ನು ಕಳೆದುಕೊಂಡ ಕಾಲವೊಂದಿತ್ತು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯ ಗುರಿಯನ್ನು ಭಾರತ ಮುಟ್ಟಿದ್ದು 2015ರಲ್ಲಷ್ಟೇ. ಪ್ರಕೃತಿ ಚಿಕಿತ್ಸೆಯವರು ಮೇಲ್ಮಣ್ಣು ಬಿಟ್ಟು ಮೂರು ನಾಲ್ಕು ಅಡಿ ಆಳದ ಮಣ್ಣನ್ನೇ ತೆಗೆಯುವುದು, ಒಣಗಿಸಿ ಸೋಸುವುದು ಸುಮ್ಮನೆ ಅಲ್ಲ. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆಯ ಕಾಲೇಜೇ ನಡೆಯುತ್ತಿದೆ, ಮಣ್ಣಿನ ಪಟ್ಟಿ ಅಲ್ಲಿ ಒಂದು ಪಾಠ. ಮನೆಯಲ್ಲಿ ನಮಗೆ ಅಷ್ಟು ವ್ಯವಸ್ಥೆಯಿಲ್ಲ.

ಆದ್ದರಿಂದ ಹೊಸಬರಿಗೆ ನನ್ನ ಸಲಹೆ ಕೊಳ್ಳುವುದು. ಗ್ರಂಧಿಗೆ ಅಂಗಡಿಯಲ್ಲಿ ಚೀಲದಿಂದ ತೂಗಿ ಕೊಡುವ ಮುಲ್ತಾನಿ ಮಿಟ್ಟಿ ಅಗ್ಗ, ಆದರೆ ಅದು ಯಾವ ದರ್ಜೆಯದು ಎಂದು ಅಂಗಡಿಯವರಿಗೂ ತಿಳಿದಿರುವುದಿಲ್ಲ. ಮುಖಕ್ಕೆ ಹಚ್ಚಲೆಂದೇ ತಯಾರಿಸಿದ ಪ್ಯಾಕೆಟ್ ತೆಗೆದುಕೊಳ್ಳಿ. ಅದರ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿನ ಪದಾರ್ಥಗಳು ಮತ್ತು ಬಳಸಬೇಕಾದ ಕೊನೆಯ ದಿನಾಂಕ ಇರಬೇಕು. ‘ನೈಸರ್ಗಿಕ’ ಎಂದು ಬರೆದಿದ್ದರೆ ಸಾಲದು, ಸೀಸವೂ ನೈಸರ್ಗಿಕವೇ. 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮಾರುಕಟ್ಟೆಯಲ್ಲಿದ್ದ ಬೆಂಟೊನೈಟ್ ಎಂಬ ಹೀರುವ ಜೇಡಿಯ ಪುಡಿಗಳಲ್ಲಿ ಹೆಚ್ಚು ಸೀಸ ಕಂಡು ಜನರನ್ನು ಎಚ್ಚರಿಸಬೇಕಾಯಿತು. ಹೊಟ್ಟೆಗೆ ಹೋದರೆ ಅಪಾಯ ಹೆಚ್ಚು. ಬಸಿರಿಯರಿಗೆ ಮಣ್ಣು ತಿನ್ನುವ ಬಯಕೆ ಹುಟ್ಟುವ ಮನೆಯಲ್ಲಿ ಈ ಡಬ್ಬಿಯನ್ನು ಕೈಗೆ ಸಿಗದ ಕಡೆ ಇಡಿ. ಬಯಕೆಯ ಮಾತನ್ನು ಆಶಾ ಕಾರ್ಯಕರ್ತೆಗೆ ತಿಳಿಸಿ, ರಕ್ತಹೀನತೆ ಇರಬಹುದು.

ಹಚ್ಚುವ ಕ್ರಮ ಹೇಳುತ್ತೇನೆ. ಮೊದಲ ಸಲವಾದರೆ ಒಂದು ಚಿಟಿಕೆ ಪುಡಿ ಕಲಸಿ ಮೊಣಕೈ ಒಳಭಾಗಕ್ಕೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದು, ಎರಡು ದಿನ ನೋಡಿ. ತುರಿಕೆ, ಗುಳ್ಳೆ ಬಾರದಿದ್ದರೆ ಮುಂದುವರಿಯಿರಿ.

ಪಿಂಗಾಣಿ ಬಟ್ಟಲಿಗೆ ಎರಡು ಟೀ ಚಮಚ ನೀರು ಹಾಕಿ, ಅದರ ಮೇಲೆ ಎರಡು ಟೀ ಚಮಚ ಪುಡಿ ಉದುರಿಸಿ. ಪುಡಿಯ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ, ಧೂಳೂ ಏಳುತ್ತದೆ. ಆ ಧೂಳನ್ನು ಉಸಿರಾಡಬಾರದು, ಅದರಲ್ಲಿ ಸಣ್ಣ ಸ್ಫಟಿಕದ ಕಣಗಳಿರಬಹುದು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಕಲ್ಲು ಕೆತ್ತುವ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಐದು ನಿಮಿಷ ಕೈ ಹಾಕದೆ ಬಿಡಿ. ನೀರು ಕುಡಿದು ಉಬ್ಬಿದ ಮೇಲೆ ಕಲಸಿ, ಬೇಕಾದರೆ ಇನ್ನಷ್ಟು ನೀರು ಸೇರಿಸಿ. ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಹದಕ್ಕೆ ಬರಬೇಕು. ಸ್ಟೀಲ್ ಚಮಚ ತಾಗಿಸಿದರೆ ಜೇಡಿಯ ಶಕ್ತಿ ಹೋಗುತ್ತದೆ ಎಂದು ಮರದ ಚಮಚ ಮಾರುವವರಿದ್ದಾರೆ. ಐದು ನಿಮಿಷದಲ್ಲಿ ಸ್ಟೀಲಿಗಾಗಲಿ ಜೇಡಿಗಾಗಲಿ ಏನೂ ಆಗುವುದಿಲ್ಲ. ನೀರಿನ ಬಗ್ಗೆ ಮಾತ್ರ ಗಮನವಿರಲಿ. ನಮ್ಮ ಆಳದ ಬೋರ್‌ವೆಲ್ ನೀರು ಗಡಸು. ಕಲಸುವುದಕ್ಕೂ ಕೊನೆಯ ಸಲ ತೊಳೆಯುವುದಕ್ಕೂ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನಿಂದ ಒಂದು ಚೊಂಬು ತೆಗೆದಿಡಿ.

ಮುಖವನ್ನು ಬರೀ ನೀರಿನಲ್ಲಿ ತೊಳೆದು, ಕಣ್ಣಿನ ಸುತ್ತ ಮತ್ತು ತುಟಿ ಬಿಟ್ಟು, ಚರ್ಮದ ಬಣ್ಣ ಕಾಣದಷ್ಟು ಮಾತ್ರ ತೆಳುವಾಗಿ ಹಚ್ಚಿ. ಆಮೇಲೆ ಕನ್ನಡಿಯ ಮುಂದೆಯೇ ಕೂತಿರಿ. ಇಡೀ ಕೆಲಸದಲ್ಲಿ ಕಲಿಯಬೇಕಾದ್ದು ಈ ಹತ್ತು ನಿಮಿಷ. ಮೊದಲು ತಂಪು, ಅದು ನೀರು ಆವಿಯಾಗುವ ತಂಪು. ನಾಲ್ಕೈದು ನಿಮಿಷಕ್ಕೆ ದವಡೆಯ ಅಂಚು, ಹಣೆಯ ಮೇಲ್ಭಾಗ ಬಣ್ಣ ಕಳೆದುಕೊಂಡು ಬಿಳಿಚುತ್ತವೆ. ಕೆನ್ನೆಯ ಮಧ್ಯ ಇನ್ನೂ ಒದ್ದೆ. ಮೂಗಿನ ಪಕ್ಕದ ಸಂದಿ ಎಲ್ಲಕ್ಕಿಂತ ಕೊನೆಗೆ ಒಣಗುತ್ತದೆ. ಅಷ್ಟರಲ್ಲಿ ಮೂಗಿನ ಮೇಲೆ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು ಏಳುತ್ತವೆ. ಅವು ಕೊಳೆಯಲ್ಲ, ರಂಧ್ರಗಳಿಂದ ಬಂದ ಎಣ್ಣೆ ಜೇಡಿಯನ್ನು ನೆನೆಸಿದ ಗುರುತು. ಎಣ್ಣೆ ಹೀರುವ ಕೆಲಸ ನಡೆದಿದೆ. ಕೆನ್ನೆಯ ಮೇಲೆ ಬೆರಳಿಟ್ಟರೆ ಇನ್ನೂ ಸ್ವಲ್ಪ ಅಂಟಬೇಕು, ನಕ್ಕರೆ ಬಿರುಕು ಬಿಡಬಾರದು. ತೆಗೆಯುವ ಹೊತ್ತು ಅದೇ.

ಪೂರ್ತಿ ಒಣಗಿ ಮುಖ ಬಿಗಿದರೆ ‘ಚೆನ್ನಾಗಿ ಹಿಡಿಯಿತು’ ಎಂದು ಖುಷಿಪಡುವವರೇ ಹೆಚ್ಚು. ಎಣ್ಣೆ ಮುಗಿದ ಮೇಲೂ ಒಣಜೇಡಿ ಹೀರುವುದನ್ನು ನಿಲ್ಲಿಸುವುದಿಲ್ಲ, ಚರ್ಮದ ನೀರನ್ನೇ ಎಳೆಯತೊಡಗುತ್ತದೆ. ಮಾರನೆಯ ದಿನದ ಕೆಂಪು, ಉರಿ, ಸಿಪ್ಪೆಗೆ ಕಾರಣ ಇದು. ಮಣ್ಣು ತನಗೆ ಒಗ್ಗುವುದಿಲ್ಲ ಎನ್ನುವವರಲ್ಲಿ ಬಹಳ ಮಂದಿ ಅದನ್ನು ಒಣಗಿಸಿದವರು.

ತೆಗೆಯುವಾಗ ಉಜ್ಜಬೇಡಿ. ಹಳೆಯ ಹತ್ತಿ ಬಟ್ಟೆಯನ್ನು ನೆನೆಸಿ ಮುಖದ ಮೇಲೆ ಒಂದು ನಿಮಿಷ ಹೊದಿಸಿ, ಮೆತ್ತಗಾದ ಮೇಲೆ ಒರೆಸಿ. ಆ ಬಟ್ಟೆಯನ್ನು ಬಕೆಟ್ಟಿನಲ್ಲಿ ಜಾಲಿಸಿ ನೀರನ್ನು ಗಿಡಕ್ಕೆ ಚೆಲ್ಲಿ. ಸಿಂಕಿಗೆ ಬಿಟ್ಟರೆ ಪೈಪಿನ ತಿರುವಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಮುಖದ ತೇವ ಆರುವ ಮೊದಲೇ ಏನಾದರೂ ಹಚ್ಚಲೇಬೇಕು. ಒಣಚರ್ಮದವರು ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಬಹುದು. ಮೊಡವೆಯವರಿಗೆ ಅದು ರಂಧ್ರ ಮುಚ್ಚುವ ಸಂಭವವಿದೆ, ಹಗುರವಾದ ಮಾಯಿಶ್ಚರೈಸರ್ ಸಾಕು. ಕಲಸಿದ್ದು ಉಳಿದರೆ ಚೆಲ್ಲಿಬಿಡಿ, ಫ್ರಿಜ್ಜಿನಲ್ಲಿ ಇಡಬೇಡಿ. ಒದ್ದೆ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಹೆಚ್ಚು ಹೊತ್ತು ಬೇಡ.

ಏನೇನು ಬೆರೆಸಬಹುದು ಎಂಬ ಪಟ್ಟಿ ಕೇಳುವವರಿಗೆ ನನ್ನ ಉತ್ತರ ಸಪ್ಪೆ, ನೀರು. ಒಂದು ಚಮಚ ಮೊಸರಾದರೆ ಪರವಾಗಿಲ್ಲ, ಒಣಚರ್ಮಕ್ಕೆ ಅರ್ಧ ಚಮಚ ಜೇನುತುಪ್ಪವೂ ಸರಿ. ನಿಂಬೆರಸ ಬೇಡವೇ ಬೇಡ. ಅದರ ಆಮ್ಲ ಚರ್ಮಕ್ಕೆ ವಿಪರೀತ, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಗಾಯದಂಥ ಕಲೆ ಏಳಬಹುದು, ಆ ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಡುಗೆ ಸೋಡಾ ಇದರ ತದ್ವಿರುದ್ಧ ತಪ್ಪು, ಚರ್ಮದ ಸಹಜ ಆಮ್ಲೀಯತೆಯನ್ನೇ ಕೆಡಿಸುತ್ತದೆ. ಅರಿಸಿನದ ವಿಷಯದಲ್ಲಿ ಮನೆಯ ಹಿರಿಯರೊಂದಿಗೆ ಜಗಳವಾಡಲು ನನಗೆ ಇಷ್ಟವಿಲ್ಲ, ಕೊಂಬು ತಂದು ಮನೆಯಲ್ಲೇ ಕುಟ್ಟಿದ್ದಾದರೆ ಒಂದು ಚಿಟಿಕೆ ಹಾಕಿಕೊಳ್ಳಿ. ಬಿಡಿಯಾಗಿ ಮಾರುವ ಪುಡಿಯಲ್ಲಿ ಬಣ್ಣ ಕಟ್ಟಲು ಸೀಸದ ಕ್ರೋಮೇಟ್ ಬೆರೆಸುವ ಮೋಸ ಇದೆ.

ಇಸುಬು, ಹುಣ್ಣು, ಒಡೆದ ಮೊಡವೆ ಇರುವವರು, ವೈದ್ಯರು ಬರೆದುಕೊಟ್ಟ ಮೊಡವೆ ಮುಲಾಮು ಹಚ್ಚುತ್ತಿರುವವರು, ಥ್ರೆಡಿಂಗ್ ಮಾಡಿಸಿ ಒಂದು ದಿನ ಕಳೆಯದವರು ಮಣ್ಣು ಹಚ್ಚಬೇಡಿ. ಮಕ್ಕಳಿಗಂತೂ ಬೇಡ. ನಾಲ್ಕು ವಾರ ಕ್ರಮವಾಗಿ ಹಚ್ಚಿಯೂ ಮೊಡವೆ ಗಂಟುಗಟ್ಟಿ ಗುಳಿ ಬಿಡುತ್ತಿದ್ದರೆ ಅದು ಜೇಡಿ ಹೀರುವ ಜಿಡ್ಡಿನ ಕೆಲಸವಲ್ಲ, ಒಳಗಿನ ಊತ. ಮೆಡಿಕಲ್ ಸ್ಟೋರಿನವರು ಎತ್ತಿಕೊಡುವ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರಬಹುದು, ಅದನ್ನು ಹಚ್ಚಿಕೊಂಡು ದಿನ ಕಳೆಯಬೇಡಿ. ಕೋಲಾರದ ಜಿಲ್ಲಾ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ ಹೋಗಿ ತೋರಿಸಿ. ಹೋಗುವಾಗ ಇಷ್ಟು ದಿನ ಹಚ್ಚಿದ ಪುಡಿಯ ಪ್ಯಾಕೆಟ್ಟನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ವೈದ್ಯರು ಕೇಳುತ್ತಾರೆ.